ಪುಟದ ಅಡಿಯ ಮೂರು ಬೆರಳು ಜಾಗ: ಕಟುಲ್ಲಸ್‌ನ ನೀಲಿ ಪುಸ್ತಕ ಕೊಳ್ಳಬಹುದಾ?

ಮೊದಲೇ ಹೇಳಿಬಿಡುತ್ತೇನೆ. ಕವಿತೆ ಓದಿ ಖುಷಿಪಡೋಣ ಅಂತ ಈ ಪುಸ್ತಕ ಕೊಂಡರೆ ಮೊದಲ ದಿನವೇ ಮುಖ ಸಣ್ಣದಾಗುತ್ತದೆ. ಪ್ರಾಚೀನ ರೋಮ್‌ನ ಕವಿ ಕಟುಲ್ಲಸ್‌ನ ಲ್ಯಾಟಿನ್ ಪದ್ಯಗಳು, ಆಕ್ಸ್‌ಫರ್ಡ್ ಕ್ಲಾಸಿಕಲ್ ಟೆಕ್ಸ್ಟ್ಸ್ ಮಾಲೆಯಲ್ಲಿ ಬಂದದ್ದು ಇದು. ಸಂಪಾದಿಸಿದವರು ರೋಜರ್ ಮೈನರ್ಸ್, ಮೊದಲು ಬಂದದ್ದು 1958ರಲ್ಲಿ. ಕಡುನೀಲಿ ರಟ್ಟು, ತೆಳ್ಳಗಿನ ಮೈ, ಚೀಲದ ಮೂಲೆಯಲ್ಲಿ ಎಲ್ಲಿ ಬೇಕಾದರೂ ತೂರಿಸಿಬಿಡಬಹುದು. ಒಳಗೆ ಅನುವಾದ ಇಲ್ಲ. ಅರ್ಥ ಇಲ್ಲ. ವಿವರಣೆ ಇಲ್ಲ. ಮುನ್ನುಡಿ ಇದೆ, ಅದೂ ಲ್ಯಾಟಿನ್‌ನಲ್ಲಿ! 20ನೇ ಶತಮಾನದ ಮಧ್ಯದಲ್ಲಿ ಕೂತು ಒಬ್ಬ ಮನುಷ್ಯ ತನ್ನ ಮುನ್ನುಡಿಯನ್ನೂ ಲ್ಯಾಟಿನ್‌ನಲ್ಲೇ ಬರೆದಿದ್ದಾನೆ ಅಂದರೆ ಯಾರಿಗೆ ಬರೆದಿರಬಹುದು ಅಂತ ನೀವೇ ಊಹಿಸಿ. ಈ ಮಾಲೆಯ ರೂಢಿಯೇ ಹಾಗೆ ಇತ್ತು. ಇತ್ತೀಚೆಗೆ ಬಂದ ಕೆಲವದರಲ್ಲಿ ಇಂಗ್ಲಿಷ್ ಮುನ್ನುಡಿ ಇರುತ್ತದೆ, ಇದರಲ್ಲಿ ಇಲ್ಲ.

ಹಾಗಾದರೆ ಇದನ್ನು ಯಾಕೆ ಕೊಳ್ಳಬೇಕು? ಪುಟದ ಅಡಿಯಲ್ಲಿ ಮೂರು ಬೆರಳಿನಷ್ಟು ಜಾಗ ಇದೆಯಲ್ಲ, ಅದಕ್ಕೆ. ಮೇಲೆ ಪದ್ಯ, ಕೆಳಗೆ ಸಣ್ಣ ಅಕ್ಷರದಲ್ಲಿ ಒತ್ತೊತ್ತಾಗಿ ಪಾಠಾಂತರಗಳು. ಅದಕ್ಕೆ ಅಪಾರಟಸ್ ಕ್ರಿಟಿಕಸ್ ಅಂತ ಹೆಸರು, ಆ ಲೋಕದವರು ಸುಮ್ನೆ ಅಪಾರಟಸ್ ಅಂತಾರೆ. ಯಾವ ಹಸ್ತಪ್ರತಿಯಲ್ಲಿ ಏನಿದೆ, ಯಾರು ಏನಂತ ತಿದ್ದಿದರು, ಯಾವುದನ್ನು ಸಂಪಾದಕರು ಒಪ್ಪಿದರು, ಯಾವುದನ್ನು ಒಪ್ಪಲಿಲ್ಲ, ಎಲ್ಲ ಅಲ್ಲೇ ಇರುತ್ತದೆ. ನನ್ನ ಪ್ರಕಾರ ದುಡ್ಡು ಕೊಡುವುದು ಆ ಜಾಗಕ್ಕೆ. ಮೇಲಿನ ಪದ್ಯ ಇಂಟರ್ನೆಟ್ಟಿನಲ್ಲಿ ಬಿಟ್ಟಿ ಸಿಗುತ್ತದೆ.

ಇದು ನನಗೆ ಗೊತ್ತಾದದ್ದು ಕೆಟ್ಟ ರೀತಿಯಲ್ಲಿ. ನೀಲಿ ಪುಸ್ತಕ ತರಿಸುವ ಮೊದಲು ಯಾವುದೋ ಹಳೇ ಆವೃತ್ತಿಯ ಮರುಮುದ್ರಣ ತರಿಸಿದ್ದೆ. ಆರ್ಡರ್ ಬಂದಮೇಲೆ ಸ್ಕ್ಯಾನ್ ತೆಗೆದು ಅಚ್ಚುಹಾಕಿ ಕೊಡುವವರು ಇರುತ್ತಾರಲ್ಲ, ಅಂಥವರ ಹತ್ತಿರ. ಪಾರ್ಸೆಲ್ ಬಿಚ್ಚಿದೆ. ರಟ್ಟಿನ ಮೇಲೆ ಯಾವುದೋ ಹೂವಿನ ಚಿತ್ರ. ಒಳಗೆ ನೋಡಿದರೆ ಪುಟದ ಕೆಳಗಿನ ಅಂಚನ್ನು ಕತ್ತರಿಸಿಬಿಟ್ಟಿದ್ದಾರೆ. ಪದ್ಯ ಪೂರ್ತಿ ಇದೆ, ಅಡಿಯಲ್ಲಿ ಪಾಠಾಂತರದ ಮೊದಲ ಸಾಲಿನ ಅರ್ಧ ಎತ್ತರದ ಅಕ್ಷರಗಳು ಮಾತ್ರ, ಕುತ್ತಿಗೆವರೆಗೆ ಹೂತುಹಾಕಿದ ಹಾಗೆ. ಕೇಳಿದ್ದಕ್ಕೆ "ಪಠ್ಯ ಪೂರ್ತಿ ಇದೆಯಲ್ಲ" ಅಂತ ಉತ್ತರ ಬಂತು. ಅವರ ದೃಷ್ಟಿಯಲ್ಲಿ ಅದು ಸರಿ ಇರಬಹುದು. ವಾಪಸ್ ಕಳಿಸಿದೆ. ಈ ಸಲ ಕೊಳ್ಳುವ ಮುಂಚೆ ಪುಟದ ಅಡಿ ಸರಿಯಾಗಿ ಕಾಣುವ ಒಂದು ಫೋಟೋ ನೋಡಿದೆ. ನೀವೂ ಹಾಗೇ ಮಾಡಿ.

ಈಗ ಮೊದಲ ಪುಟಕ್ಕೆ ಬನ್ನಿ. ಕಟುಲ್ಲಸ್ ತನ್ನ ಪುಟ್ಟ ಪುಸ್ತಕವನ್ನು ಗೆಳೆಯ ಕಾರ್ನೀಲಿಯಸ್ ನೇಪೋಸ್‌ಗೆ ಕೊಡುವ ಹತ್ತು ಸಾಲಿನ ಪದ್ಯ. ಒಂಬತ್ತನೇ ಸಾಲಿನಲ್ಲಿ ಎರಡು ಮೊನೆ ಆವರಣದ (< >) ನಡುವೆ ಒಂದೇ ಒಂದು ಅಕ್ಷರ ಕೂತಿದೆ: 'ಓ'. ಕಾವ್ಯದೇವಿಯನ್ನು "ಓ ಪೋಷಕ ಕನ್ಯೆಯೇ" ಅಂತ ಕರೆಯುವ ಜಾಗ. ಮೊನೆ ಆವರಣ ಅಂದರೆ ಈ ಅಕ್ಷರ ಹಸ್ತಪ್ರತಿಯಲ್ಲಿ ಇಲ್ಲ, ನಾವು ಸೇರಿಸಿದ್ದು ಅಂತ ಅರ್ಥ. ಯಾಕೆ ಸೇರಿಸಿದರು? ಬೆರಳು ಮಡಚಿ ಎಣಿಸಿ. ಈ ಛಂದಸ್ಸಿನಲ್ಲಿ ಸಾಲಿಗೆ ಹನ್ನೊಂದು ಅಕ್ಷರ ಬೇಕು, ಹಸ್ತಪ್ರತಿಯ ಸಾಲಿನಲ್ಲಿ ಹತ್ತೇ ಇದೆ. ಎಲ್ಲೋ ಒಂದು ಉದುರಿಹೋಗಿದೆ. 'ಓ' ಹಾಕಿದರೆ ಲೆಕ್ಕವೂ ಸರಿಹೋಗುತ್ತದೆ, ಅರ್ಥವೂ ಕೂರುತ್ತದೆ.

ಆದರೆ ಎಲ್ಲರೂ ಇದನ್ನು ಒಪ್ಪಿಲ್ಲ. 19ನೇ ಶತಮಾನದ ಜರ್ಮನ್ ವಿದ್ವಾಂಸ ಬೆರ್ಕ್ ಈ ಸಾಲನ್ನೇ ಬೇರೆ ಥರ ಓದಿದ. 'ಪಾತ್ರೋನ ವಿರ್ಗೋ' ಅಂತ ಇರುವುದನ್ನು 'ಪಾತ್ರೋನಿ ಉತ್ ಎರ್ಗೋ' ಅಂತ ಬಿಡಿಸಬೇಕು ಅಂದ. ಲ್ಯಾಟಿನ್ ಹಸ್ತಪ್ರತಿಯಲ್ಲಿ ಉ-ಕಾರಕ್ಕೂ ವ-ಕಾರಕ್ಕೂ ಬೇರೆ ಬೇರೆ ಅಕ್ಷರ ಇಲ್ಲ, ಪದಗಳ ನಡುವಿನ ಜಾಗವನ್ನೂ ನಂಬುವ ಹಾಗಿಲ್ಲ, ಹಾಗಾಗಿ ಇದು ದೂರದ ಮಾತೇನೂ ಅಲ್ಲ. ಆದರೆ ಪರಿಣಾಮ ನೋಡಿ. ಕನ್ಯೆ ಮಾಯ! "ಪೋಷಕನ ಸಲುವಾಗಿ ಈ ಪುಸ್ತಕ ಬಾಳಲಿ" ಅಂತ ಆಗಿಬಿಡುತ್ತದೆ, ಅಂದರೆ ನೇಪೋಸ್ ಸಲುವಾಗಿ. ಪುಸ್ತಕದ ಮೊದಲ ಪದ್ಯದಲ್ಲಿ ಕಾವ್ಯದೇವಿ ಇದ್ದಾಳೋ ಇಲ್ಲವೋ ಅನ್ನುವುದೇ ಗ್ಯಾರಂಟಿ ಇಲ್ಲ. ಅನುವಾದ ಮಾತ್ರ ಓದುವವರಿಗೆ ಇಂಥದ್ದೊಂದು ಜಗಳ ನಡೆದಿದೆ ಅಂತ ಗೊತ್ತೇ ಆಗುವುದಿಲ್ಲ.

ಇಷ್ಟೊಂದು ಅನುಮಾನ ಎಲ್ಲಿಂದ ಬಂತು ಅಂದರೆ, ಕಟುಲ್ಲಸ್ ಉಳಿದಿರುವುದೇ ಒಂದು ದಾರದ ಎಳೆಯಲ್ಲಿ. ಅವನು ಬರೆದದ್ದು ಕ್ರಿಸ್ತಪೂರ್ವ ಮೊದಲ ಶತಮಾನದಲ್ಲಿ. ಆಮೇಲೆ ಸಾವಿರ ವರ್ಷ ಅಲ್ಲೊಂದು ಇಲ್ಲೊಂದು ಸುಳಿವು ಅಷ್ಟೆ. 966ರಲ್ಲಿ ವೆರೋನಾದ ಬಿಷಪ್ ರಾಥೇರಿಯಸ್ ತಾನು ಕಟುಲ್ಲಸ್ ಓದಿದ್ದೇನೆ ಅಂತ ಹೇಳಿಕೊಳ್ಳುತ್ತಾನೆ. ಮತ್ತೆ ಮೌನ. ಸುಮಾರು 1300ರ ಹೊತ್ತಿಗೆ ಅದೇ ವೆರೋನಾದಲ್ಲಿ, ಕವಿಯ ಹುಟ್ಟೂರಿನಲ್ಲೇ, ಒಂದು ಹಸ್ತಪ್ರತಿ ಕಾಣಿಸಿಕೊಂಡಿತು. ಬೆನ್ವೆನೂತೋ ಕಂಪೇಸಾನಿ ಅನ್ನುವವನು ಅದರ ಬಗ್ಗೆ ಒಂದು ಒಗಟಿನ ಪದ್ಯವನ್ನೂ ಬರೆದ: ಕವಿ ದೂರದ ದೇಶದಿಂದ ಊರಿಗೆ ಮರಳಿದ್ದಾನೆ, ಇಷ್ಟು ದಿನ ಕೊಳಗದ ಕೆಳಗೆ ಮುಚ್ಚಿಹೋಗಿದ್ದ ಅಂತ. ಅಪಾರಟಸ್‌ನಲ್ಲಿ ಈ ಹಸ್ತಪ್ರತಿಯ ಗುರುತು 'ವಿ'. ಅದೂ ಕಳೆದುಹೋಯಿತು! ಆದರೆ ಕಳೆದುಹೋಗುವ ಮೊದಲು ಯಾರೋ ನಕಲು ಮಾಡಿಕೊಂಡಿದ್ದರು. ಇವತ್ತು ಸಿಗುವ ನೂರಕ್ಕೂ ಜಾಸ್ತಿ ಹಸ್ತಪ್ರತಿಗಳು ಅದರ ಮಕ್ಕಳು, ಮೊಮ್ಮಕ್ಕಳು, ಮರಿಮಕ್ಕಳು.

ಅದರಲ್ಲಿ ಲೆಕ್ಕಕ್ಕೆ ಬರುವುದು ಮುಖ್ಯವಾಗಿ ಮೂರು. ಆಕ್ಸ್‌ಫರ್ಡ್‌ನ ಬಾಡ್ಲಿಯನ್ ಗ್ರಂಥಾಲಯದಲ್ಲಿರುವ 'ಓ', ಪ್ಯಾರಿಸ್‌ನಲ್ಲಿರುವ 'ಜಿ', ವ್ಯಾಟಿಕನ್‌ನಲ್ಲಿರುವ 'ಆರ್'. ಮೂರೂ 14ನೇ ಶತಮಾನದ್ದು. 'ಆರ್' ಫ್ಲಾರೆನ್ಸ್‌ನ ದೊಡ್ಡ ಮನುಷ್ಯ ಕೊಲುಚ್ಚೋ ಸಲುತಾತಿಯ ಸ್ವಂತ ಪ್ರತಿ, ಅಂಚಿನಲ್ಲಿ ಅವನ ಕೈಯ ತಿದ್ದುಪಡಿಗಳಿವೆ. ಆಮೇಲೆ ಅದು ವ್ಯಾಟಿಕನ್ ಸೇರಿ, ಕ್ಯಾಟಲಾಗಿನ ಗೊಂದಲದಲ್ಲಿ ಯಾರ ಕಣ್ಣಿಗೂ ಬೀಳದೆ ಕೂತಿತ್ತು. 1896ರಲ್ಲಿ ಅಮೆರಿಕದ ವಿಲಿಯಂ ಗಾರ್ಡ್ನರ್ ಹೇಲ್ ಅದನ್ನು ಹುಡುಕಿ ತೆಗೆದ. ಅಲ್ಲಿಯವರೆಗೆ ಕಟುಲ್ಲಸ್ ಸಂಪಾದಿಸಿದವರೆಲ್ಲ ಈ ಸಾಕ್ಷಿಯನ್ನು ನೋಡದೆಯೇ ತೀರ್ಪು ಕೊಟ್ಟಿದ್ದರು ಅಂತಾಯಿತು.

'ಜಿ' ಪ್ರತಿಯ ಕೊನೆಗೆ ಬರುವ ಟಿಪ್ಪಣಿ ನನಗೆ ಬಹಳ ಇಷ್ಟ. 1375 ಅಂತ ಇಸವಿ ಇದೆ. ಅದರ ತಿರುಳು ಇಷ್ಟು: ಓದುಗನೇ, ನೀನು ಯಾರೇ ಆಗಿರು, ಪುಸ್ತಕ ತಪ್ಪುತಪ್ಪಾಗಿದೆ ಅನ್ನಿಸಿದರೆ ಬರೆದವನನ್ನು ಕ್ಷಮಿಸು, ಅವನಿಗೆ ಸಿಕ್ಕಿದ ಮೂಲವೇ ಕೆಟ್ಟುಹೋಗಿತ್ತು, ಹೋಲಿಸಿ ನೋಡಲು ಬೇರೆ ಪ್ರತಿ ಇರಲಿಲ್ಲ, ಏನೂ ಇಲ್ಲದೆ ಇರುವುದಕ್ಕಿಂತ ಹೀಗಾದರೂ ಇರಲಿ ಅಂತ ಬರೆದಿದ್ದೇನೆ. ಆರುನೂರ ಐವತ್ತು ವರ್ಷದ ಹಿಂದಿನ ಪ್ರಾಡಕ್ಟ್ ವಾರ್ನಿಂಗ್! ನನಗೆ ಪುಸ್ತಕ ಕೊಟ್ಟ ಆ ಸ್ಕ್ಯಾನ್ ಅಂಗಡಿಯವರಿಗಿಂತ ಇವನು ಎಷ್ಟೋ ಮೇಲು.

ಈ ಪ್ರತಿಗಳ ಸಂಬಂಧ ಹೇಗೆ ಪತ್ತೆ ಮಾಡುತ್ತಾರೆ ಅನ್ನುವುದೂ ಮಜಾ ಇದೆ. ಇಬ್ಬರ ಡೈರಿಯಲ್ಲಿ ಒಂದೇ ಫೋನ್ ನಂಬರ್ ಇದೆ ಅಂದುಕೊಳ್ಳಿ. ನಂಬರ್ ಸರಿ ಇದ್ದರೆ ಏನೂ ಹೇಳಲಾಗದು, ಇಬ್ಬರೂ ಬೇರೆ ಬೇರೆ ಕಡೆ ಕೇಳಿ ಬರೆದುಕೊಂಡಿರಬಹುದು. ಆದರೆ ಇಬ್ಬರ ಹತ್ತಿರವೂ ಒಂದೇ ತಪ್ಪು ನಂಬರ್, ಕೊನೆಯ ಎರಡು ಅಂಕಿ ಅದಲುಬದಲು, ಅಂದರೆ? ಒಬ್ಬ ಇನ್ನೊಬ್ಬನಿಂದ ಇಳಿಸಿಕೊಂಡಿದ್ದಾನೆ, ಇಲ್ಲವೇ ಇಬ್ಬರೂ ಮೂರನೆಯವನ ಡೈರಿಯಿಂದ. ಹಸ್ತಪ್ರತಿಯಲ್ಲೂ ಹೀಗೆಯೇ, ನೆಂಟಸ್ತಿಕೆ ಹೇಳುವುದು ಹಂಚಿಕೊಂಡ ತಪ್ಪು. 'ಜಿ' ಮತ್ತು 'ಆರ್' ಒಂದೇ ಜಾಗದಲ್ಲಿ ಒಟ್ಟಿಗೆ ಎಡವುತ್ತವೆ, ಅಲ್ಲಿ 'ಓ' ಎಡವುವುದಿಲ್ಲ. ಹಾಗಾಗಿ ಅವೆರಡಕ್ಕೂ ಒಬ್ಬ ಕಳೆದುಹೋದ ತಾಯಿ ಇದ್ದಳು ಅಂತ ಲೆಕ್ಕ, ಅವಳಿಗೆ 'ಎಕ್ಸ್' ಅಂತ ಹೆಸರಿಟ್ಟಿದ್ದಾರೆ. ಹೀಗೆ ವಂಶವೃಕ್ಷ ಬರೆದು, ಬರೀ ನಕಲಿನ ನಕಲಾದ ಪ್ರತಿಗಳನ್ನು ಪಕ್ಕಕ್ಕಿಟ್ಟು, ಉಳಿದವುಗಳಿಂದ ಮೇಲಕ್ಕೆ ಹತ್ತುವುದು.

ಈ ಪದ್ಧತಿಗೆ ಜರ್ಮನ್ ವಿದ್ವಾಂಸ ಕಾರ್ಲ್ ಲಾಖ್‌ಮನ್ ಹೆಸರು ಅಂಟಿಕೊಂಡಿದೆ. ರೋಮನ್ ಕವಿ ಲುಕ್ರೀಷಿಯಸ್‌ನ ಕಾವ್ಯವನ್ನು ಅವನು ಸಂಪಾದಿಸಿ 1850ರಲ್ಲಿ ತಂದ ಆವೃತ್ತಿ ಇವತ್ತಿಗೂ ಮಾತಿಗೆ ಬರುವುದು ಒಂದು ಜಾದೂಗೆ. ಲುಕ್ರೀಷಿಯಸ್‌ನ ಹಳೆಯ ಹಸ್ತಪ್ರತಿಗಳಲ್ಲಿ ಮುಖ್ಯವಾದ ಎರಡು ಲೈಡನ್‌ನಲ್ಲಿವೆ, 9ನೇ ಶತಮಾನದ್ದು, ಆಕಾರ ನೋಡಿ ಒಂದಕ್ಕೆ ಆಬ್ಲಾಂಗಸ್, ಇನ್ನೊಂದಕ್ಕೆ ಕ್ವಾಡ್ರಾಟಸ್ ಅಂತ ಹೆಸರು. ಸಾಲುಗಳು ಎಲ್ಲೆಲ್ಲಿ ಜಾಗ ತಪ್ಪಿವೆ ಅಂತ ಎಣಿಸುತ್ತಾ ಹೋದ ಲಾಖ್‌ಮನ್, ಎರಡಕ್ಕೂ ಮೂಲವಾದ, ಯಾರೂ ಕಣ್ಣಲ್ಲಿ ನೋಡಿರದ ಪ್ರತಿಯಲ್ಲಿ ಪುಟಕ್ಕೆ 26 ಸಾಲು ಇತ್ತು ಅಂತ ಹೇಳಿಬಿಟ್ಟ! ಹಾಳೆ ಕಳಚಿ ಅದಲುಬದಲಾದಾಗ ಸಾಲುಗಳು ಪುಟದ ಲೆಕ್ಕದಲ್ಲೇ ಜಾಗ ಬದಲಿಸುತ್ತವೆ, ಅದನ್ನು ಹಿಡಿದ. ಇಂಥ ಲೆಕ್ಕಾಚಾರ ಎಲ್ಲ ಕಡೆ ನಡೆಯುವುದಿಲ್ಲ, ಅದು ಬೇರೆ ಮಾತು. ನಕಲು ಮಾಡುವವನು ಎರಡು ಮೂರು ಪ್ರತಿ ಎದುರಿಗಿಟ್ಟುಕೊಂಡು ಇದರಿಂದ ಒಂದು, ಅದರಿಂದ ಒಂದು ಅಂತ ಬೆರಸಿಬಿಟ್ಟರೆ ವಂಶವೃಕ್ಷ ಬಲೆಯಾಗುತ್ತದೆ. 1934ರಲ್ಲಿ ಇಟಲಿಯ ಜಾರ್ಜೋ ಪಾಸ್ಕ್ವಾಲಿ ಎಚ್ಚರಿಸಿದ್ದು ಇದನ್ನೇ. ಈಚಿನ ಕಾಲದ ಪ್ರತಿ ಅಂದಮಾತ್ರಕ್ಕೆ ಕೀಳು ಅಂತಲ್ಲ ಅಂತಲೂ ಅವನು ವಾದಿಸಿದ, ನನಗೂ ಅದು ಸರಿ ಅನ್ನಿಸುತ್ತದೆ.

ಇನ್ನು ನನ್ನ ಮೆಚ್ಚಿನ ಪುಟ. 84ನೇ ಪದ್ಯ. ಆರಿಯಸ್ ಅಂತ ಒಬ್ಬನಿದ್ದಾನೆ. ಮಾತಿನಲ್ಲಿ ದೊಡ್ಡಸ್ತಿಕೆ ತೋರಿಸಲು ಹೋಗಿ ಬೇಡದ ಕಡೆಯೆಲ್ಲ ಹಕಾರ ತುರುಕುತ್ತಾನೆ. 'ಕೊಮ್ಮೋದ' ಅನ್ನಬೇಕಾದಲ್ಲಿ 'ಖೊಮ್ಮೋದ', 'ಇನ್ಸಿದಿಯಾಸ್' ಅನ್ನಬೇಕಾದಲ್ಲಿ 'ಹಿನ್ಸಿದಿಯಾಸ್'. ಅವನನ್ನು ಸಿರಿಯಾಕ್ಕೆ ಕಳಿಸಿದರಂತೆ, ಊರಿನ ಕಿವಿಗಳೆಲ್ಲ ಉಸ್ಸಪ್ಪ ಅಂತ ತಣ್ಣಗಾದವಂತೆ. ಅಷ್ಟರಲ್ಲಿ ಭಯಂಕರ ಸುದ್ದಿ ಬರುತ್ತದೆ: ಆರಿಯಸ್ ಅಲ್ಲಿಗೆ ಹೋದಮೇಲೆ ಅಯೋನಿಯನ್ ಸಮುದ್ರ ಇನ್ನು ಅಯೋನಿಯನ್ ಅಲ್ಲ, ಹಯೋನಿಯನ್! ಅಕಾರ ಹಕಾರ ಅದಲುಬದಲು ಮಾಡುವವರನ್ನು ಆಡಿಕೊಳ್ಳುವುದು ಕನ್ನಡದವರಿಗೆ ಬಿಡಿಸಿ ಹೇಳಬೇಕಾಗಿಲ್ಲ, ಅಲ್ವಾ.

ಈಗ ಅಡಿಗೆ ಕಣ್ಣು ಹಾಯಿಸಿ. ಹಸ್ತಪ್ರತಿಗಳಲ್ಲಿ ಆ ಹಕಾರಗಳೇ ಇಲ್ಲ! ನಕಲು ಮಾಡಿದವರಿಗೆ ಜೋಕ್ ತಲೆಗೆ ಹೋಗಲಿಲ್ಲ. ಮಧ್ಯಯುಗದ ಹೊತ್ತಿಗೆ ಲ್ಯಾಟಿನ್ ಮಾತಾಡುವವರ ಬಾಯಲ್ಲಿ ಹಕಾರ ಸತ್ತು ಎಷ್ಟೋ ಕಾಲ ಆಗಿತ್ತು, ಹಾಗಾಗಿ ಕಂಡಲ್ಲಿ ಬಿಟ್ಟರು, ಇಲ್ಲವೇ ತಪ್ಪು ಅಂದುಕೊಂಡು "ಸರಿ" ಮಾಡಿದರು. ಹಸ್ತಪ್ರತಿಯಲ್ಲಿದ್ದ ಹಾಗೇ ಅಚ್ಚು ಹಾಕಿದರೆ ಪದ್ಯ ಹೀಗಾಗುತ್ತದೆ: ಆರಿಯಸ್ 'ಕೊಮ್ಮೋದ' ಅನ್ನಬೇಕಾದಲ್ಲಿ 'ಕೊಮ್ಮೋದ' ಅನ್ನುತ್ತಿದ್ದ. ಸಮುದ್ರ ಇನ್ನು ಅಯೋನಿಯನ್ ಅಲ್ಲ, ಅಯೋನಿಯನ್. ಏನು ನಗುವುದು ಇದಕ್ಕೆ? ಛಂದಸ್ಸು ಕಾಪಾಡುತ್ತದಾ ಅಂದರೆ ಅದೂ ಇಲ್ಲ, ಲ್ಯಾಟಿನ್‌ನಲ್ಲಿ ಹಕಾರ ಸೇರಿಸಿದರೂ ತೆಗೆದರೂ ಮಾತ್ರೆ ಬದಲಾಗುವುದಿಲ್ಲ. ಮೊದಲ ಪದ್ಯದಲ್ಲಿ ಬೆರಳು ಮಡಚಿ ಕಂಡುಹಿಡಿದ ಹಾಗೆ ಇಲ್ಲಿ ಆಗದು. 15ನೇ ಶತಮಾನದ ಇಟಲಿಯ ವಿದ್ವಾಂಸರು ಪದ್ಯದ ಅರ್ಥ ಹಿಡಿದು, ಇಲ್ಲಿ ಹಕಾರ ಇರಲೇಬೇಕು ಅಂತ ವಾಪಸ್ ಹಾಕಿದರು. ಹೊರಗಿನ ಸಾಕ್ಷಿಯೂ ಇದೆ. ರೋಮ್‌ನ ಭಾಷಣಕಲೆಯ ಮೇಷ್ಟ್ರು ಕ್ವಿಂಟಿಲಿಯನ್ ಈ ಹಕಾರದ ಗೀಳಿನ ಬಗ್ಗೆ ಬರೆಯುತ್ತಾ ಕಟುಲ್ಲಸ್‌ನ ಪದ್ಯವನ್ನು ನೆನೆಯುತ್ತಾನೆ. ಆ ಕ್ವಿಂಟಿಲಿಯನ್‌ನ ಪೂರ್ತಿ ಪ್ರತಿಯನ್ನು ಇಟಲಿಯ ವಿದ್ವಾಂಸ ಪೊಜ್ಜೋ ಬ್ರಾಚೊಲೀನಿ ಸ್ವಿಟ್ಜರ್ಲೆಂಡಿನ ಸೇಂಟ್ ಗಾಲ್ ಮಠದಲ್ಲಿ ಹುಡುಕಿ ತೆಗೆದದ್ದು 1416ರಲ್ಲಿ.

ಒಂದೇ ಒಂದು ಪದ್ಯಕ್ಕೆ ಬೇರೆ ಅದೃಷ್ಟ ಇತ್ತು. 62ನೆಯದು, ಮದುವೆ ಹಾಡು. ಅದು 9ನೇ ಶತಮಾನದ ಒಂದು ಸಂಕಲನದಲ್ಲಿ ಬಿಡಿಯಾಗಿ ಸೇರಿಕೊಂಡು ಉಳಿದಿದೆ, ಗುರುತು 'ಟಿ'. ವೆರೋನಾದ ಪ್ರತಿಗಿಂತ ನಾನೂರು ವರ್ಷ ಹಿಂದಿನ ಸಾಕ್ಷಿ. ಎರಡನ್ನೂ ಪಕ್ಕಪಕ್ಕ ಇಟ್ಟರೆ 14ನೇ ಸಾಲು 'ಟಿ'ಯಲ್ಲಿ ಇದೆ, ವೆರೋನಾ ಕಡೆಯ ಪ್ರತಿಗಳಲ್ಲಿ ಇಲ್ಲ. ಪೂರ್ತಿ ಒಂದು ಸಾಲು! 'ಟಿ' ಇಲ್ಲದೆ ಇದ್ದಿದ್ದರೆ ಅಲ್ಲಿ ಒಂದು ಸಾಲು ಇತ್ತು ಅಂತಲೂ ನಮಗೆ ತಿಳಿಯುತ್ತಿರಲಿಲ್ಲ. ಉಳಿದ ನೂರಕ್ಕೂ ಜಾಸ್ತಿ ಪದ್ಯಗಳಿಗೆ 'ಟಿ' ಇಲ್ಲ. ಇದನ್ನು ಯೋಚಿಸಿದಾಗಲೆಲ್ಲ ಹೊಟ್ಟೆಯಲ್ಲಿ ಏನೋ ಆಗುತ್ತದೆ.

ಬೇರೆ ಮಾಲೆಗಳ ಜೊತೆ ಹೋಲಿಸಿ ಅಂತ ಕೇಳುತ್ತೀರಿ ಅಂತ ಗೊತ್ತು. ಲೋಬ್ ಮಾಲೆ ಎಲ್ಲರಿಗೂ ಗೊತ್ತಿರುವುದೇ. ಗ್ರೀಕ್‌ಗೆ ಹಸಿರು, ಲ್ಯಾಟಿನ್‌ಗೆ ಕೆಂಪು, ಎಡಪುಟದಲ್ಲಿ ಮೂಲ, ಬಲಪುಟದಲ್ಲಿ ಇಂಗ್ಲಿಷ್. ಕಲಿಯುವವರಿಗೆ ಇದಕ್ಕಿಂತ ಒಳ್ಳೆಯದಿಲ್ಲ. ಅಪಾರಟಸ್ ಮಾತ್ರ ಉಪ್ಪಿನಕಾಯಿಯಷ್ಟು, ತುದಿಗೆ ಸ್ವಲ್ಪ. ಕಟುಲ್ಲಸ್ ಕೊಳ್ಳುವುದಾದರೆ 1913ರ ಹಳೆಯದನ್ನು ಬಿಟ್ಟು, ಗೂಲ್ಡ್ ಅನ್ನುವ ವಿದ್ವಾಂಸ 1988ರಲ್ಲಿ ಪರಿಷ್ಕರಿಸಿದ್ದನ್ನೇ ಕೇಳಿ ತಗೊಳ್ಳಿ. ಹಳೆಯದರಲ್ಲಿ ಪೋಲಿ ಪದ್ಯಗಳ ಮೇಲೆ ಕತ್ತರಿ ಆಡಿಸಿದ್ದಾರೆ, ಕಟುಲ್ಲಸ್ ಬರೆದಿರುವುದು ಎಂಥದ್ದು ಅಂತ ನೋಡಿದರೆ ಕತ್ತರಿಗೆ ಎಷ್ಟು ಕೆಲಸ ಬಿದ್ದಿರಬಹುದು ಅಂತ ಗೊತ್ತಾಗುತ್ತದೆ. ಇದೇ ಮಾಲೆಯಲ್ಲಿ ಇನ್ನೊಬ್ಬ ರೋಮನ್ ಕವಿ ಮಾರ್ಷಿಯಲ್‌ನ ಹಳೆಯ ಪುಸ್ತಕದಲ್ಲಿ ಇನ್ನೂ ತಮಾಷೆ. ತೀರಾ ಪೋಲಿಯಾದ ಪದ್ಯ ಬಂದಾಗ ಎಡಕ್ಕೆ ಲ್ಯಾಟಿನ್, ಬಲಕ್ಕೆ ಇಟಾಲಿಯನ್! ಇಂಗ್ಲಿಷ್ ಓದುಗರ ಮರ್ಯಾದೆ ಉಳಿಸಬೇಕು, ಇಟಲಿಯವರದ್ದು ಹೋದರೆ ಹೋಗಲಿ ಅಂತ ಇರಬೇಕು.

ಜರ್ಮನಿಯ ಟಾಯ್ಬ್ನರ್ ಮಾಲೆ 19ನೇ ಶತಮಾನದ ಮಧ್ಯದಿಂದ ಇದೆ, ಅಪಾರಟಸ್ ದೊಡ್ಡದು, ಗಂಭೀರ ಕೆಲಸಕ್ಕೆ ಅದೇ. ಫ್ರಾನ್ಸ್‌ನ ಬ್ಯೂದೇ ಮಾಲೆಯಲ್ಲಿ ಅನುವಾದವೂ ಇದೆ, ಪಾಠಾಂತರವೂ ಇದೆ, ಗ್ರೀಕ್ ಪುಸ್ತಕದ ಮೇಲೆ ಗೂಬೆ, ಲ್ಯಾಟಿನ್ ಮೇಲೆ ತೋಳ. ಫ್ರೆಂಚ್ ಬಂದರೆ ಎರಡೂ ಕೈಗೆ ಲಾಡು. ನನಗೆ ಬರುವುದಿಲ್ಲ.

ನೀಲಿ ಪುಸ್ತಕದ ಬಗ್ಗೆ ತಕರಾರು ಇಲ್ಲವೇ? ಇದೆ. ಮೈನರ್ಸ್ ಬಹಳ ಹುಷಾರಿನ ಮನುಷ್ಯ. ಪಾಠ ಕೆಟ್ಟಿದೆ ಅಂತ ಗೊತ್ತು, ಯಾವ ತಿದ್ದುಪಡಿಯೂ ಪೂರ್ತಿ ಒಪ್ಪಿಗೆ ಆಗಲಿಲ್ಲ ಅಂದರೆ ಆಚೆ ಈಚೆ ಒಂದೊಂದು ಕಠಾರಿ ಗುರುತು (†) ನೆಟ್ಟು ಮುಂದೆ ಹೋಗುತ್ತಾರೆ. ಅದು ಪ್ರಾಮಾಣಿಕತೆ, ನಿಜ. ಆದರೆ ಆ ಜಾಗಕ್ಕೆ ಮೂರು ನಾಲ್ಕು ಒಳ್ಳೆಯ ಸಲಹೆ ಬಂದಿರುವಾಗ ಅವನ್ನೆಲ್ಲ ಅಡಿಯಲ್ಲಿ ಕೊಡಬಹುದಿತ್ತಲ್ಲ? ಜಾಗ ಉಳಿಸಲು ಬಿಟ್ಟುಬಿಟ್ಟಿದ್ದಾರೆ. ಇದರ ಉಪಾಯಕ್ಕೆ ಕಟುಲ್ಲಸ್ ಆನ್‌ಲೈನ್ ಅಂತ ಒಂದು ಉಚಿತ ತಾಣ ಇದೆ, ಶತಮಾನಗಳಿಂದ ಯಾರು ಯಾರು ಎಲ್ಲೆಲ್ಲಿ ಏನು ತಿದ್ದಲು ನೋಡಿದರು ಅಂತ ಸಾಲು ಸಾಲಿಗೂ ಕೂಡಿಸಿ ಇಟ್ಟಿದ್ದಾರೆ. ನೀಲಿ ಪುಸ್ತಕದ ಪಕ್ಕ ಅದನ್ನು ತೆರೆದಿಟ್ಟುಕೊಂಡರೆ ಊಟ ಪೂರ್ತಿ ಆಗುತ್ತದೆ. ಅಪಾರಟಸ್‌ನ ಸಂಕ್ಷೇಪಗಳಿಗೆ ಹೊಂದಿಕೊಳ್ಳಲು ಒಂದೆರಡು ವಾರ ಬೇಕು. ನನಗೆ ಪ್ರಿಯವಾದದ್ದು 'ಫೋರ್ತ್. ರೆಕ್ತೆ' ಅನ್ನುವುದು, "ಬಹುಶಃ ಇದೇ ಸರಿ" ಅಂತ. ಸರಿ ಅಂತ ಅನ್ನಿಸಿದರೂ ಮೇಲಕ್ಕೆ ಹತ್ತಿಸುವ ಧೈರ್ಯ ಇಲ್ಲ, ಬಿಡಲು ಮನಸ್ಸಿಲ್ಲ. ಎರಡೇ ಪದದಲ್ಲಿ ಇಡೀ ವೃತ್ತಿಯ ಕಷ್ಟ ಹೇಳಿಬಿಡುತ್ತಾರೆ.

ಹುಷಾರಿನವರ ಎದುರು ತುದಿಗೆ ಯಾರಿದ್ದಾರೆ ಅಂದರೆ ಇಂಗ್ಲೆಂಡಿನ ವಿದ್ವಾಂಸ ರಿಚರ್ಡ್ ಬೆಂಟ್ಲಿ. 1711ರಲ್ಲಿ ರೋಮನ್ ಕವಿ ಹೊರೇಸ್‌ನ ಪದ್ಯಗಳನ್ನು ಸಂಪಾದಿಸಿದಾಗ ಏಳುನೂರಕ್ಕೂ ಜಾಸ್ತಿ ಕಡೆ ಪಾಠ ಬದಲಿಸಿದ. ಅದರಲ್ಲಿ ಒಂದು ಕಥೆ: ಬಡಕಲು ಪುಟ್ಟ ನರಿಯೊಂದು ಸಣ್ಣ ಕಂಡಿಯಿಂದ ಕಾಳಿನ ಕಣಜಕ್ಕೆ ನುಗ್ಗಿ, ಹೊಟ್ಟೆತುಂಬ ತಿಂದು, ಉಬ್ಬಿ, ಹೊರಗೆ ಬರಲಾಗದೆ ಒದ್ದಾಡಿತು. ಹಸ್ತಪ್ರತಿಗಳಲ್ಲಿ ಇರುವುದು 'ವಲ್ಪೇಕುಲ', ಅಂದರೆ ಪುಟ್ಟ ನರಿ. ಬೆಂಟ್ಲಿ ಕೇಳಿದ: ನರಿ ಯಾವತ್ತು ಕಾಳು ತಿನ್ನುತ್ತದೆ? ಅದು 'ನಿತೇದುಲ' ಇರಬೇಕು, ಹೊಲದ ಇಲಿ! ಮಾತು ಸರಿ ಇದೆ ಅನ್ನಿಸುತ್ತದೆ, ಅಲ್ವಾ? ಆದರೆ ಇನ್ನೊಂದು ಕಡೆಯವರು ಇದು ನೀತಿಕಥೆ, ಕಥೆಯಲ್ಲಿ ನರಿ ಏನು ಬೇಕಾದರೂ ತಿನ್ನಬಹುದು, ಪ್ರಾಣಿಶಾಸ್ತ್ರ ಇಲ್ಲಿಗೆ ತರಬೇಡಿ ಅನ್ನುತ್ತಾರೆ. ಇವತ್ತಿಗೂ ಕೆಲವು ಆವೃತ್ತಿಯಲ್ಲಿ ನರಿ, ಕೆಲವದರಲ್ಲಿ ಇಲಿ. ನಾನು ನರಿಯ ಕಡೆ, ಆದರೆ ಬೆಂಟ್ಲಿಯ ಪ್ರಶ್ನೆ ಕೇಳಿದಮೇಲೆ ಆ ಕಣಜದ ನರಿಯನ್ನು ಮೊದಲಿನ ಹಾಗೆ ನೋಡಲು ಆಗುತ್ತಿಲ್ಲ.

ಇನ್ನೊಂದು ವಿಷಯ. ಈ ಪುಸ್ತಕ ಈಗ ಕೊಳ್ಳುವವರಿಗೆ 1958ರಲ್ಲಿ ಕೊಂಡವರಿಗೆ ಇಲ್ಲದ ಒಂದು ಸುಖ ಇದೆ. ಅಡಿಯಲ್ಲಿ "ಓ, ಜಿ, ಆರ್" ಅಂತ ಗುರುತು ನೋಡಿ ಮೈನರ್ಸ್ ಮಾತು ನಂಬಬೇಕಾಗಿಲ್ಲ. ಆ ಹಸ್ತಪ್ರತಿಗಳ ಚಿತ್ರಗಳನ್ನು ಗ್ರಂಥಾಲಯಗಳೇ ಬಿಟ್ಟಿಯಾಗಿ ಹಾಕಿವೆ. ಪುಸ್ತಕ ಮೇಜಿನ ಮೇಲೆ, ಪ್ರತಿ ಪರದೆಯ ಮೇಲೆ. ಮೊದಲ ಸಲ ತೆರೆದಾಗ ಒಂದಕ್ಷರವೂ ತಿಳಿಯಲಿಲ್ಲ ನನಗೆ. ಗಾತಿಕ್ ಕೈಬರಹದಲ್ಲಿ ಕೆಲವು ಅಕ್ಷರಗಳೆಲ್ಲ ಬರೀ ನೆಟ್ಟಗಿನ ಗೀಟು, 'ಮ'ಗೆ ಮೂರು ಗೀಟು, 'ನ'ಗೆ ಎರಡು, 'ಉ'ಗೂ ಎರಡು, 'ಇ'ಗೆ ಒಂದು. ಐದಾರು ಗೀಟು ಸಾಲಾಗಿ ಬಂದರೆ ಅದು ಏನು ಬೇಕಾದರೂ ಆಗಬಹುದು. ಪದದ ಕೊನೆಯ 'ಮ್' ಬರೆಯುವ ಬದಲು ಸ್ವರದ ತಲೆಯ ಮೇಲೆ ಒಂದು ಗೆರೆ ಎಳೆದು ಮುಗಿಸುತ್ತಾರೆ, ಆ ಗೆರೆ ಮಾಸಿದರೆ ವಿಭಕ್ತಿಯೇ ಹೋಯಿತು. ಅರ್ಧ ಗಂಟೆ ಇದನ್ನು ದಿಟ್ಟಿಸಿದಮೇಲೆ ಲಿಪಿಕಾರರನ್ನು ಬಯ್ಯುವುದನ್ನು ನಿಲ್ಲಿಸಿದೆ. ಪದ್ಯಗಳ ನಡುವೆ ಗಡಿಯೂ ಎಲ್ಲ ಕಡೆ ಇಲ್ಲ. ಒಂದು ಎಲ್ಲಿ ಮುಗಿಯಿತು, ಇನ್ನೊಂದು ಎಲ್ಲಿ ಶುರುವಾಯಿತು ಅನ್ನುವುದರಲ್ಲೂ ಎಷ್ಟೋ ಕಡೆ ಸಂಪಾದಕರ ಕೈ ಇದೆ. ಒಂದೇ ತೊಂದರೆ, ಕೆಲವು ತಾಣಗಳಲ್ಲಿ ಚಿತ್ರದ ಮೇಲೆ ದೊಡ್ಡ ಗುರುತು ಹಾಕಿರುತ್ತಾರೆ, ಅದು ಬೇಕಾದ ಪದದ ಮೇಲೆಯೇ ಬಂದು ಕೂರುತ್ತದೆ.

ಪರದೆಯ ಮಾತು ಬಂದಿದ್ದಕ್ಕೆ ಗ್ರೀಕ್ ಕಡೆಯದೂ ಒಂದು. ಆರ್ಕಿಮಿಡೀಸ್‌ನ ಬರಹ ಇದ್ದ 10ನೇ ಶತಮಾನದ ಚರ್ಮದ ಹಾಳೆಗಳನ್ನು ಉಜ್ಜಿ ಅಳಿಸಿ, 1229ರಲ್ಲಿ ಅದರ ಮೇಲೆ ಪ್ರಾರ್ಥನೆ ಪುಸ್ತಕ ಬರೆದಿದ್ದರು. ಚರ್ಮದ ಹಾಳೆ ದುಬಾರಿ, ಬಿಸಾಕುವ ವಸ್ತು ಅಲ್ಲ. 1906ರಲ್ಲಿ ಹೈಬರ್ಗ್ ಅನ್ನುವ ಡ್ಯಾನಿಷ್ ವಿದ್ವಾಂಸ ಕಾನ್‌ಸ್ಟಾಂಟಿನೋಪಲ್‌ನಲ್ಲಿ ಅಡಿಯ ಮಸುಕು ಬರಹ ಓದಿ ಆರ್ಕಿಮಿಡೀಸ್‌ನನ್ನು ಗುರುತಿಸಿದ. 1998ರಲ್ಲಿ ಹರಾಜಿನಲ್ಲಿ 20 ಲಕ್ಷ ಡಾಲರಿಗೆ ಮಾರಾಟವಾಯಿತು, ಆಮೇಲೆ ಬಾಲ್ಟಿಮೋರ್‌ನಲ್ಲಿ ಬೇರೆ ಬೇರೆ ಬಣ್ಣದ ಬೆಳಕು ಬಿಟ್ಟು ಫೋಟೋ ತೆಗೆದು ಇನ್ನಷ್ಟು ಓದಿದರು. ಅದಕ್ಕೂ ಮೊದಲಿನವರ ರೀತಿ ಬೇರೆ. 1819ರಲ್ಲಿ ಇಟಲಿಯ ಆಂಜೆಲೋ ಮಾಯಿ ವ್ಯಾಟಿಕನ್‌ನಲ್ಲಿ ಕ್ರೈಸ್ತ ಸಂತ ಅಗಸ್ಟಿನ್‌ನ ಬರಹದ ಅಡಿಯಲ್ಲಿ ರೋಮ್‌ನ ಭಾಷಣಕಾರ ಸಿಸೆರೋನ ಕಳೆದುಹೋಗಿದ್ದ ಗಣರಾಜ್ಯದ ಪುಸ್ತಕ ಕಂಡುಹಿಡಿದ. ದೊಡ್ಡ ಸಾಧನೆಯೇ. ಆದರೆ ಮಸುಕು ಅಕ್ಷರ ಎದ್ದು ಕಾಣಲಿ ಅಂತ ಇಂಥ ಹಾಳೆಗಳಿಗೆ ರಾಸಾಯನಿಕ ಬಳಿಯುತ್ತಿದ್ದ, ಅಕ್ಷರ ಅವನಿಗೆ ಕಂಡಿತು, ಆಮೇಲೆ ಬಂದವರಿಗೆ ಕಲೆ ಉಳಿಯಿತು.

ಸರಿ, ಕೊಳ್ಳಬಹುದಾ? ಲ್ಯಾಟಿನ್ ಸ್ವಲ್ಪವಾದರೂ ಬಂದರೆ ಕೊಳ್ಳಿ, ಹೊಸದೇ ಬೇಕಾಗಿಲ್ಲ, ಸೆಕೆಂಡ್ ಹ್ಯಾಂಡ್ ಪ್ರತಿ ಸಿಕ್ಕರೂ ಸಾಕು, ಅಂಚಿನಲ್ಲಿ ಯಾರೋ ಪೆನ್ಸಿಲಿನಲ್ಲಿ ಗೀಚಿದ್ದರೆ ಇನ್ನೂ ಒಳ್ಳೆಯದು. ಲ್ಯಾಟಿನ್ ಬರದೆ ಇದ್ದರೆ ಗೂಲ್ಡ್‌ನ ಲೋಬ್ ತಗೊಳ್ಳಿ. ಹಾಂ, ಒಂದು ಮಾತು. ನೀಲಿ ಪುಸ್ತಕದಲ್ಲಿ 17ನೇ ಪದ್ಯ ಆದಮೇಲೆ ನೇರವಾಗಿ 21 ಬರುತ್ತದೆ. 1554ರಲ್ಲಿ ಮ್ಯುರೆ ಅನ್ನುವ ಸಂಪಾದಕ ನಡುವೆ ಮೂರು ಪದ್ಯ ಸೇರಿಸಿದ್ದ, 1829ರಲ್ಲಿ ಅದೇ ಲಾಖ್‌ಮನ್ ಅವು ಕಟುಲ್ಲಸ್‌ನವಲ್ಲ ಅಂತ ಕಿತ್ತುಹಾಕಿದ, ಅಷ್ಟರಲ್ಲಿ ಎಲ್ಲರಿಗೂ ಹಳೇ ನಂಬರ್ ರೂಢಿಯಾಗಿತ್ತು, ಬದಲಿಸಲಿಲ್ಲ. ಪುಟ ಬಿದ್ದುಹೋಗಿದೆ ಅಂತ ಪುಸ್ತಕ ವಾಪಸ್ ಕಳಿಸಬೇಡಿ.